ಒರೆಸಬೇಡಿ, ಅದೇ ಗೆಲಾಕ್ಸಿ

ಲೋಣಾವಳಾದಲ್ಲಿ ಚಿಕ್ಕಿ ಅಂಗಡಿಗಳ ಗದ್ದಲ ಇಳಿಯುವ ಹೊತ್ತಿಗೆ ನಮ್ಮಂಥವರ ಕೆಲಸ ಶುರು. ಊರೊಳಗೆ ನಿಂತು ಪ್ರಯೋಜನವಿಲ್ಲ. ದೀಪಗಳ ಬೆಳಕು ಅರ್ಧ ಆಕಾಶ ನುಂಗಿರುತ್ತದೆ. ಗುಡ್ಡ ದಾಟಿ ಪವನಾ ಜಲಾಶಯದ ದಂಡೆಗೆ ಹೋಗಬೇಕು. ನವೆಂಬರ್ ಅಮಾವಾಸ್ಯೆಯ ಆಸುಪಾಸಾದರೆ ಇನ್ನೂ ಒಳ್ಳೆಯದು.

ರಾತ್ರಿ ಎಂಟೂವರೆಗೆ ದ್ರೌಪದಿ ನಕ್ಷತ್ರಪುಂಜ ಹೆಚ್ಚುಕಡಿಮೆ ನೆತ್ತಿಗೆ ಬಂದಿರುತ್ತದೆ. ಮರಾಠಿಯವರಿಗೆ ಅವಳು ದೇವಯಾನಿ. ಬೈನಾಕ್ಯುಲರ್ ಎತ್ತಿದರೆ ಅಲ್ಲೊಂದು ಮಬ್ಬು ಕಲೆ, ಗಾಜಿಗೆ ಬೆರಳು ತಾಗಿದ ಗುರುತಿನಂತೆ. ಹೊಸಬರು ಇಬ್ಬನಿ ಕೂತಿತೆಂದು ಮಸೂರ ಒರೆಸತೊಡಗುತ್ತಾರೆ. ಒರೆಸಬೇಡಿ, ಅದೇ ಆಂಡ್ರೊಮಿಡಾ ಗೆಲಾಕ್ಸಿ. 25 ಲಕ್ಷ ಜ್ಯೋತಿರ್ವರ್ಷ ದೂರದ್ದು.

ದೊಡ್ಡದೊಂದು ತಕರಾರು ಈ ಮಬ್ಬಿನಲ್ಲೇ ಇದೆ. ಸೂರ್ಯನ ಪಕ್ಕದ ಬುಧ ಸೆಕೆಂಡಿಗೆ 47 ಕಿ.ಮೀ. ಓಡಿದರೆ ದೂರದ ನೆಪ್ಚೂನ್‌ನ ಓಟ ಬರೀ ಐದೂವರೆ. ಗೆಲಾಕ್ಸಿಯಲ್ಲೂ ಅಂಚಿಗೆ ಹೋದಂತೆ ವೇಗ ಕುಸಿಯಬೇಕಿತ್ತು. 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾದ 67 ಅನಿಲ ಮೋಡಗಳ ವೇಗ ಅಳೆದಾಗ ಅದು ಹಾಗೆ ಕುಸಿದಿರಲಿಲ್ಲ. ಆಮೇಲೆ ಅಳೆದ ಗೆಲಾಕ್ಸಿಗಳದ್ದೂ ಅದೇ ಕಥೆ. ಕಣ್ಣಿಗೆ ಬೀಳದ ದ್ರವ್ಯವೊಂದು ಹಿಡಿದು ತಿರುಗಿಸುತ್ತಿದೆ ಎಂದರು ಹೆಚ್ಚಿನವರು. ಅದೇ ಡಾರ್ಕ್ ಮ್ಯಾಟರ್, ಕಪ್ಪುದ್ರವ್ಯ. ತೂಕ ಸೇರಿಸಬೇಡಿ, ತಕ್ಕಡಿಯನ್ನೇ ಸರಿಮಾಡಿ ಎಂಬ ಧಾಟಿಯಲ್ಲಿ 1983ರಲ್ಲಿ ವಾದಿಸಿದವರು ಇಸ್ರೇಲಿನ ಮಿಲ್ಗ್ರೋಮ್: ಸೆಳೆತ ತೀರಾ ಕ್ಷೀಣವಾದ ಕಡೆ ನ್ಯೂಟನ್ನನ ನಿಯಮವೇ ಬದಲಾಗುತ್ತದೆಂದು.

ಒಂದೊಂದೇ ಗೆಲಾಕ್ಸಿ ಹಿಡಿದು ನೋಡಿದರೆ ಮಿಲ್ಗ್ರೋಮ್ ಲೆಕ್ಕ ಚೆನ್ನಾಗಿಯೇ ತಾಳೆಯಾಗುತ್ತದೆ; ಗೆಲಾಕ್ಸಿಗಳ ಗುಂಪಿಗೆ ಬಂದರೆ ಕೈಕೊಡುತ್ತದೆ. 2006ರಲ್ಲಿ ಸುದ್ದಿಯಾದ ಬುಲೆಟ್ ಕ್ಲಸ್ಟರ್‌ನಲ್ಲಿ ಎರಡು ಗುಂಪುಗಳು ಡಿಕ್ಕಿ ಹೊಡೆದು, ಬಿಸಿ ಅನಿಲ ನಡುವೆ ತಡೆದು ನಿಂತಿತ್ತು, ಗುರುತ್ವದ ಹೆಚ್ಚಿನ ಪಾಲು ಗೆಲಾಕ್ಸಿಗಳ ಜೊತೆ ಮುಂದೆ ಸಾಗಿತ್ತು. ನನ್ನ ಒಲವು ದ್ರವ್ಯದ ಕಡೆಗೇ. ಹಾಗೆಂದು ಸಂದೇಹಿಗಳನ್ನು ಹಗುರವಾಗಿ ಕಾಣಲಾರೆ. ಮಹಾಸ್ಫೋಟವನ್ನು ಒಪ್ಪದ ಜಯಂತ ನಾರಳೀಕರ್ ಕಟ್ಟಿ ಬೆಳೆಸಿದ ಆಯುಕಾ ಖಗೋಳವಿಜ್ಞಾನ ಸಂಸ್ಥೆ ಇಲ್ಲೇ ಪುಣೆಯಲ್ಲಿದೆ. ಅಲ್ಲದೆ ದ್ರವ್ಯದ ಪಕ್ಷದವರ ಕೈಯೂ ಖಾಲಿ. ಅಮೆರಿಕದ ದಕ್ಷಿಣ ಡಕೋಟಾದ ಹಳೆಯ ಚಿನ್ನದ ಗಣಿಯಲ್ಲಿ ಹತ್ತು ಟನ್ ದ್ರವ ಕ್ಸೆನಾನ್ ಇಟ್ಟು ಕಾಯುತ್ತಿರುವ ಎಲ್‌ಜೆಡ್ ಪ್ರಯೋಗ 2024ರಲ್ಲಿ 280 ದಿನಗಳ ವರದಿ ಒಪ್ಪಿಸಿತು. ಕಪ್ಪುದ್ರವ್ಯದ ಒಂದು ಕಣವೂ ಸಿಕ್ಕಿರಲಿಲ್ಲ.

ಚಿನ್ನದ ಗಣಿ ಎಂದರೆ ನಮಗೆ ಕೆಜಿಎಫ್. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು 1965ರಲ್ಲಿ ಸಿಕ್ಕಿದ್ದು ಅಲ್ಲಿ, ಎರಡು ಕಿಲೋಮೀಟರಿಗೂ ಆಳದಲ್ಲಿ. ಮುಂದಿನ ವರ್ಷಗಳಲ್ಲಿ ಅದೇ ಉಪಕರಣಗಳು ವಿಚಿತ್ರವಾದ ಕೆಲವು ಗುರುತು ದಾಖಲಿಸಿದವು: ಬಂಡೆಯಿಂದ ಹೊರಟು ಬರಬೇಕಾದ ಕಣಗಳ ಜಾಡು, ಬಂಡೆಗೂ ಉಪಕರಣಕ್ಕೂ ನಡುವಿನ ಬರಿಗಾಳಿಯಲ್ಲಿ ಒಂದು ಬಿಂದುವಿನಿಂದ ಕವಲೊಡೆದಂತಿತ್ತು. 1975ರಲ್ಲಿ ಅದನ್ನು ಪ್ರಕಟಿಸಿದರು; ‘ಕೋಲಾರ ಘಟನೆಗಳು’ ಎಂದೇ ಹೆಸರಾಯಿತು. ಬೇರೆ ಕಡೆ ಹುಡುಕಿದರೆ ಸಿಗಲಿಲ್ಲ. 2013ರಲ್ಲಿ ಚೆನ್ನೈನ ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್, ಇವು ಕಪ್ಪುದ್ರವ್ಯದ ಕಣ ಒಡೆದ ಗುರುತೇಕಾಗಿರಬಾರದು ಎಂದು ಕೇಳಿದರು. ಅಷ್ಟರಲ್ಲಿ ಗಣಿ ಮುಚ್ಚಿ ಹನ್ನೆರಡು ವರ್ಷವಾಗಿತ್ತು. ಪ್ರಶ್ನೆ ಹಾಗೇ ಉಳಿದಿದೆ.

ಅದು ಕಪ್ಪುದ್ರವ್ಯವೇ ಎಂದು ನಾನು ಪಂದ್ಯ ಕಟ್ಟುವುದಿಲ್ಲ. ನನಗೆ ಮೆಚ್ಚುಗೆಯಾದದ್ದು ಆ ದಾಖಲೆ. ಅರ್ಥವಾಗದ್ದನ್ನು ಅವರು ಒರೆಸಿಹಾಕಲಿಲ್ಲ. ಒರೆಸಿದ್ದರೆ ಸುಮಾರು ನಲವತ್ತು ವರ್ಷದ ಮೇಲೆ ಕೇಳುವುದಕ್ಕೆ ಪ್ರಶ್ನೆಯೇ ಇರುತ್ತಿರಲಿಲ್ಲ.

ಕಳೆದ ಶನಿವಾರ ಒಂಬತ್ತು ದಾಟುತ್ತಲೇ ಮೋಡ ಕವಿಯಿತು. ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡು ಪುಸ್ತಕದಲ್ಲಿ ಬರೆದೆ: ‘ಪವನಾ ದಂಡೆ, 8.40ರಿಂದ 9.05. ಕಲೆ ಕಂಡಿತು. ಅಂಚು ಕಾಣಲಿಲ್ಲ.’