ಗಂಡು ದನಿ ಅಂದ್ರೆ?

ಮೊನ್ನೆ ಆಫೀಸ್ ಕ್ಯಾಬಲ್ಲಿ ಪಕ್ಕದವನಿಗೆ ಒಂದು ಇಯರ್‌ಫೋನ್ ಕೊಟ್ಟೆ. 'ಯಾರಪ್ಪ ಇವ್ರು, ಸಖತ್ತಾಗಿ ಹಾಡ್ತಾರಲ್ಲ?' ಅಂದ. ಗಂಗೂಬಾಯಿ ಹಾನಗಲ್ ಅಂದೆ. ನಂಬಲಿಲ್ಲ, ಗಂಡಸು ಅಂದುಕೊಂಡಿದ್ದನಂತೆ.

1930ರ ದಶಕದ ಅವರ ರೆಕಾರ್ಡುಗಳಲ್ಲಿ ದನಿ ಸಣ್ಣದು, ಚುರುಕು. ಗಂಟಲಿನ ಚಿಕಿತ್ಸೆ ಆದಮೇಲೆ ದಪ್ಪವಾಯಿತು. ನನಗಿಷ್ಟ ಆ ಎರಡನೇ ದನಿಯೇ. ಒಂದೊಂದೇ ಸ್ವರ ಹಿಡಿದು ರಾಗ ಬೆಳೆಸುವ ಕಿರಾಣಾ ಘರಾಣೆಯ ನಿಧಾನಕ್ಕೆ ಆ ತೂಕ ಒಪ್ಪುತ್ತೆ. ಮೇಲಿನ ಸ್ವರಗಳಲ್ಲಿ ಒರಟು ಅನ್ನಿಸುತ್ತೆ, ನಿಜ. ಆದರೆ ಅವರು ಅದನ್ನ ಮುಚ್ಚಿಡೋಕೆ ಹೋಗಲ್ಲ.

ನಮ್ಮೂರಲ್ಲಿ ಅವ್ವನಿಗೂ 'ಗಂಡು ದನಿ' ಅಂತ ನಕ್ಕಿದ್ದರು. ಸೋಬಾನೆ ಹಾಡೋದನ್ನೇ ಬಿಟ್ಟಳು. ಈ ಸಲ ಹಬ್ಬಕ್ಕೆ ಹೋದಾಗ ಅವಳಿಗೂ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ಆಮೇಲೆ ಕೇಳಿದ್ದು ಒಂದೇ: 'ಇವ್ರನ್ನ ನೋಡಿ ಯಾರೂ ನಗಲಿಲ್ವೇನ್ಲಾ?'