ಕತ್ತಲೆಯಲ್ಲಿ ಕೇಳಿದ ಪದ

ಯಕ್ಷಗಾನದ ಭಾಗವತ ಗುಂಡ್ಮಿ ಕಾಳಿಂಗ ನಾವಡರು ಬರೆದ ಪ್ರಸಂಗ ಯಾವುದು ಎಂದು ಸಾಸ್ತಾನದ ಪೇಟೆಯಲ್ಲಿ ಯಾರನ್ನು ಕೇಳಿದರೂ ಮೊದಲು ಬರುವ ಹೆಸರು 'ನಾಗಶ್ರೀ'. ನನ್ನದೇನೂ ತಕರಾರಿಲ್ಲ. ಆದರೆ ಅದೇ ಕೈಯಿಂದ 'ಅಮೃತಮತಿ'ಯೂ ಬಂತು. ಹಳೆಯ ಕ್ಯಾಸೆಟ್ ಕೂಡಿಹಾಕುವ ನನ್ನಂಥವರು ರಾತ್ರಿ ದೀಪ ಆರಿಸಿ ಕೇಳಬೇಕಾದದ್ದು ಅದನ್ನು. ದೀಪ ಯಾಕೆ ಆರಿಸಬೇಕೆಂದು ಆಮೇಲೆ ಹೇಳುತ್ತೇನೆ.

ಕತೆ ಹಳೆಯದು. ಜನ್ನ ಕವಿ 1209ರಲ್ಲಿ ಮುಗಿಸಿದ 'ಯಶೋಧರ ಚರಿತೆ'ಯ ಹೂರಣವೇ ಇದು. ರಾಣಿ ಅಮೃತಮತಿ ಅರಮನೆಯ ಮಾವುತನಿಗೆ ಒಲಿಯುತ್ತಾಳೆ. ಕಂಡ ಗಂಡ ಯಶೋಧರ ಕತ್ತಿ ಎತ್ತಿ ಮತ್ತೆ ಇಳಿಸುತ್ತಾನೆ, ತಾಯಿಯ ಹತ್ತಿರ ಕೆಟ್ಟ ಕನಸು ಬಿತ್ತೆಂದು ಸುಳ್ಳು ಹೇಳುತ್ತಾನೆ. ಶಾಂತಿಗೆ ದೇವಿಗೆ ಬಲಿ ಕೊಡು ಎಂದು ತಾಯಿಯ ಹಟ, ಜೀವ ತೆಗೆಯಲಾರೆ ಎಂದು ಮಗನ ಹಟ. ಕೊನೆಗೆ ಇಬ್ಬರೂ ಒಪ್ಪಿಕೊಂಡದ್ದು ಹಿಟ್ಟಿನ ಹುಂಜಕ್ಕೆ. ಕತ್ತಿ ತಾಗಿದ್ದೇ ಆ ಹಿಟ್ಟಿನ ಹುಂಜ ಕೂಗಿತು. ಅಲ್ಲಿಂದ ಮುಂದೆ ತಾಯಿಮಕ್ಕಳಿಗೆ ಜನ್ಮಜನ್ಮದ ಅಲೆದಾಟ. ಗಿರೀಶ ಕಾರ್ನಾಡರು 'ಹಿಟ್ಟಿನ ಹುಂಜ' ನಾಟಕಕ್ಕೆ ಎತ್ತಿಕೊಂಡದ್ದೂ ಇದನ್ನೇ. ಬಾರ್ಕೂರಿನ ಕತ್ತಲೆ ಬಸದಿ ನಮಗೆ ದೂರವೇನಲ್ಲ, ಹಾಗೆಯೇ ಕೋಳಿ ಕೊಯ್ದು ಹರಕೆ ತೀರಿಸುವ ದೈವದ ಮನೆಗಳೂ ನಮ್ಮ ಬೈಲಿನಲ್ಲೇ ಇವೆ. ಇಂಥ ನೆಲದಲ್ಲಿ ಒಬ್ಬ ಭಾಗವತ ಜೈನರ ಅಹಿಂಸೆಯ ಕತೆಯನ್ನು ಡೇರೆ ಮೇಳದ ಆಟಕ್ಕೆ ಇಳಿಸಿದ್ದು ಸಣ್ಣ ಧೈರ್ಯವಲ್ಲ.

ಈಗ ದೀಪದ ವಿಷಯ. ಅಮೃತಮತಿ ಮಾವುತನನ್ನು ಮೊದಲು ಕಾಣುವುದಿಲ್ಲ, ಕೇಳುತ್ತಾಳೆ. ಕತ್ತಲೆಯಲ್ಲಿ ಎಲ್ಲಿಂದಲೋ ಬಂದ ಹಾಡಿಗೆ ಮನಸ್ಸು ಕೊಟ್ಟಾಗಿದೆ. ಆಮೇಲೆ ದೂತಿ ಹೋಗಿ ನೋಡಿ ಬಂದು, ಅವನ ಮೈ ಎಂಟು ಕಡೆ ಡೊಂಕು ಎಂದರೂ ಅವಳಿಗೆ ಅದು ಲೆಕ್ಕಕ್ಕಿಲ್ಲ. ಆಟದ ರಂಗಸ್ಥಳದಲ್ಲಿ ಇದು ಪೇಚಿನ ಸಂಗತಿ, ಯಾಕೆಂದರೆ ಡೊಂಕು ಮೈಯ ವೇಷ ನಮ್ಮ ಕಣ್ಣೆದುರೇ ಇರುತ್ತದೆ. ನೋಡುವವನಿಗೆ ನಗು ಬರುತ್ತದೆ, ರಾಣಿಗೆ ಹುಚ್ಚು ಹಿಡಿದಿದೆ ಅನಿಸುತ್ತದೆ. ಕ್ಯಾಸೆಟ್ಟಿನಲ್ಲಿ ವೇಷವೇ ಇಲ್ಲ. ಅವಳಿಗೆ ಏನು ಕೇಳಿಸಿತೋ ನಮಗೂ ಅಷ್ಟೇ. ಹಾಡುವವರು ನಾವಡರಾದಾಗ ಅವಳ ತಪ್ಪೇನು ಎಂದು ಕೇಳುವಷ್ಟು ನಾವು ಕೆಡುತ್ತೇವೆ.

ಇದರಲ್ಲಿ ಯಕ್ಷಗಾನಕ್ಕೇ ಸಲ್ಲುವ ಒಂದು ಚೋದ್ಯವೂ ಉಂಟು. ಪಾಶ್ಚಾತ್ಯರ ಆಪೆರಾದಲ್ಲಿ ಪಾತ್ರಧಾರಿ ತನ್ನ ಪದವನ್ನು ತಾನೇ ಹಾಡಬೇಕು. ನಮ್ಮಲ್ಲಿ ರಾಜ, ರಾಣಿ, ಮಾವುತ, ದೂತಿ ಎಲ್ಲರ ಗಂಟಲೂ ಹಿಂದೆ ಕೂತ ಭಾಗವತನೇ. ರಾಣಿ ಮರುಳಾದ ಸ್ವರವೂ ಅವನದು, ಗಂಡನ ಎದೆ ಒಡೆದ ಸ್ವರವೂ ಅವನದೇ. ನಾದಕ್ಕೆ ಸೋತವರು ಆಪೆರಾದಲ್ಲೂ ಉಂಟು. ಫ್ರಾನ್ಸಿನ ಒಲಿವಿಯೇ ಮೆಸ್ಸಿಯಾನ್ ಸಂತ ಫ್ರಾನ್ಸಿಸರ ಮೇಲೆ ಮಾಡಿದ ಆಪೆರಾ 1983ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಆಡಿತು, ನಾಲ್ಕು ಗಂಟೆಗೂ ಮಿಕ್ಕಿದ್ದು. ಅದರಲ್ಲೊಂದು ದೃಶ್ಯ: ದೇವದೂತ ನುಡಿಸಿದ ವಾದ್ಯವನ್ನು ಕೇಳಿ ಫ್ರಾನ್ಸಿಸ್ ಮೂರ್ಛೆ ಹೋಗುತ್ತಾನೆ. ಅಲ್ಲಿ ನಾದ ಕೇಳಿದವನು ದೇವರ ಹತ್ತಿರ ಹೋದ, ಇಲ್ಲಿ ಕೇಳಿದವಳು ಮನೆ ಮುರಿದಳು. ಎರಡನ್ನೂ ಒಂದೇ ವಾರದಲ್ಲಿ ಕೇಳಿ ನೋಡಿ, ನನ್ನ ಓಟು ಗುಂಡ್ಮಿಗೆ. ಊರಿನ ಅಭಿಮಾನ ಎನ್ನುವವರು ಎನ್ನಲಿ.

ನಾವಡರು 1958ರಲ್ಲಿ ಹುಟ್ಟಿದವರು. ತಂದೆ ರಾಮಚಂದ್ರ ನಾವಡರೂ ಭಾಗವತರು, ಗುರು ನಾರ್ಣಪ್ಪ ಉಪ್ಪೂರರು. ಕೋಟ ಅಮೃತೇಶ್ವರಿ ಮೇಳದಲ್ಲಿ ಸಂಗೀತಗಾರನಾಗಿ ಕೂತ ಹುಡುಗ ಪೆರ್ಡೂರು, ಸಾಲಿಗ್ರಾಮ ಮೇಳಗಳ ಭಾಗವತನಾಗಿ ಡೇರೆ ತುಂಬಿಸಿದ. 1990ರ ಮೇ 27ರಂದು ರಸ್ತೆ ಅಪಘಾತದಲ್ಲಿ ಹೋದಾಗ 32 ತುಂಬಿರಲಿಲ್ಲ. ಹಾಗಾಗಿ ಅವರ ನಂತರ ಹುಟ್ಟಿದವರಿಗೆ ನಾವಡರು ಎಂದರೆ ಟೇಪೇ. ಆ ಟೇಪುಗಳಲ್ಲಿ ಬಹಳಷ್ಟು ಸ್ಟುಡಿಯೋದವಲ್ಲ, ಅಭಿಮಾನಿಗಳು ಸೌಂಡ್ ಬಾಕ್ಸಿನ ಎದುರು ರೆಕಾರ್ಡರ್ ಇಟ್ಟು ಹಿಡಿದವು. ಏರುಪದಕ್ಕೆ ಚಂಡೆ ಬಿದ್ದ ಕೂಡಲೇ ಸ್ವರ ಒಡೆಯುತ್ತದೆ, ಕೂತವರ ಕೆಮ್ಮು, ಶಿಳ್ಳೆ ಎಲ್ಲ ಉಂಟು. 45 ನಿಮಿಷಕ್ಕೆ ಒಂದು ಮಗ್ಗುಲು ಮುಗಿದರೆ ಪದದ ನಡುವೆಯೇ ಟಕ್ಕೆಂದು ನಿಲ್ಲುತ್ತದೆ, ಮಗ್ಗುಲು ಮಗುಚುವಷ್ಟರಲ್ಲಿ ಎರಡು ಸಾಲು ಹೋದ ಹಾಗೆ. ಆದರೂ ಆ ಎತ್ತರದ ಶ್ರುತಿಯಲ್ಲಿ ಒಂದಕ್ಷರ ನುಂಗದೆ ಸಾಹಿತ್ಯ ಬಿಡಿಸಿಕೊಡುವ ಉಪ್ಪೂರರ ಪಾಠ ಈ ಗದ್ದಲದಲ್ಲೂ ಕಿವಿಗೆ ಸಿಗುತ್ತದೆ. ಆಮೇಲೆ ಸ್ಟುಡಿಯೋದಲ್ಲಿ ತೊಳೆದು ಬಳಿದು ಮಾಡಿದ ಭಾಗವತಿಕೆಯ ಧ್ವನಿಸುರುಳಿಗಳಲ್ಲಿ ನನಗೆ ಆ ಸುಖವಿಲ್ಲ. ಎದುರು ವೇಷಧಾರಿ ಇಲ್ಲದಿದ್ದರೆ ಭಾಗವತ ಯಾರನ್ನು ಕುಣಿಸಬೇಕು?

ನನ್ನ ಸಿಟ್ಟು ಬೇರೆ ಕಡೆ ಇದೆ. ಇಂಥ ಟೇಪುಗಳನ್ನು ಈಗ ಮೊಬೈಲಿಗೆ ಇಳಿಸುವವರು ಪದಗಳನ್ನಷ್ಟೇ ಕತ್ತರಿಸಿ ಇಟ್ಟು ಅರ್ಥಗಾರಿಕೆಯನ್ನು ಬಿಸಾಡುತ್ತಾರೆ. ಮಾತು ಯಾರಿಗೆ ಬೇಕು ಎಂಬ ಸಬೂಬು. 'ಅಮೃತಮತಿ'ಗೆ ಹೀಗೆ ಮಾಡಿದರೆ ಉಳಿಯುವುದು ಬರೀ ಕಳ್ಳಪ್ರೇಮದ ಚಂದದ ಹಾಡುಗಳು. ಈ ಕತೆಯ ಧರ್ಮಸೂಕ್ಷ್ಮವೆಲ್ಲ ತಾಯಿಮಗನ ವಾದದಲ್ಲಿದೆ. ಹಿಟ್ಟಿನ ಗೊಂಬೆಗೆ ಕತ್ತಿ ಬೀಸಿದವನು ಕೊಂದವನೋ ಅಲ್ಲವೋ, ಕೈಯ ಪಾಪ ದೊಡ್ಡದೋ ಮನಸ್ಸಿನದ್ದೋ ಎಂಬುದನ್ನು ಇಬ್ಬರು ನುರಿತ ಅರ್ಥಧಾರಿಗಳು ಎಳೆದಾಡಿದರೆ ಪದ ಮುಗಿದ ಮೇಲೂ ಅರ್ಧ ಗಂಟೆ ಕೂರಿಸಬಲ್ಲರು. ಹಾಗಾಗಿ, ಪೆಟ್ಟಿಗೆಯಲ್ಲಿ ಪೂರ್ತಿ ರಾತ್ರಿಯ ಟೇಪ್ ಇಟ್ಟುಕೊಂಡವರು ದಯವಿಟ್ಟು ಮಾತಿಗೆ ಕತ್ತರಿ ಹಾಕಬೇಡಿ, ಕೆಮ್ಮನ್ನೂ ಸೇರಿಸಿ ಇದ್ದ ಹಾಗೇ ಇಳಿಸಿ.