ವಾಚನವುಂಟು, ವ್ಯಾಖ್ಯಾನವಿಲ್ಲ

ಹಬ್ಬ ಎಂದ ಮೇಲೆ ತೋರಣ ಇರಲೇಬೇಕು. 2025ರ ಆರಂಭದ ತಿಂಗಳುಗಳಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಕ್ಲಸ್ಟರ್ ಮಟ್ಟದ ಕಲಿಕಾ ಹಬ್ಬ ನಡೆದಾಗ ತೋರಣಕ್ಕೂ ಕಾಗದದ ಟೋಪಿಗೂ ಕೊರತೆಯಿರಲಿಲ್ಲ. ಸ್ಪರ್ಧೆಗಳ ಪಟ್ಟಿಯಲ್ಲಿ ಗಟ್ಟಿ ಓದು, ಕಥೆ ಹೇಳುವುದು, ಕೈಬರಹ, ಸಂತೋಷದಾಯಕ ಗಣಿತ, ರಸಪ್ರಶ್ನೆ ಎಲ್ಲವೂ ಇದ್ದವು. ಇವುಗಳಲ್ಲಿ ನೋಡುಗರ ಮನಸ್ಸನ್ನು ಸುಲಭವಾಗಿ ಗೆಲ್ಲುವುದು ಗಟ್ಟಿ ಓದು. ಮೈಕಿನ ಮುಂದೆ ನಿಂತ ಮೂರನೇ ಇಯತ್ತೆಯ ಹುಡುಗಿ ಒತ್ತಕ್ಷರಗಳನ್ನು ಎಡವದೆ ದಾಟಿದಾಗ ಚಪ್ಪಾಳೆ ತಾನಾಗಿ ಬೀಳುತ್ತದೆ. ಸರ್ಕಾರಿ ಶಾಲೆಯ ಮಗುವಿಗೆ ಓದು ಬರುತ್ತದೆ ಎಂಬುದಕ್ಕೆ ಸಾಕ್ಷಿ ಸಿಕ್ಕಿತೆಂದು ಎಲ್ಲರೂ ಸಮಾಧಾನದಿಂದ ಮನೆಗೆ ಹೋಗುತ್ತಾರೆ.

ಸಾಕ್ಷಿ ಸಿಕ್ಕಿದ್ದು ಯಾವುದಕ್ಕೆ?

ಕನ್ನಡ ಲಿಪಿಯ ಸ್ವಭಾವ ಗೊತ್ತಿರುವವರಿಗೆ ಈ ಅನುಮಾನ ಬಾರದಿರದು. ಕಾಗುಣಿತವೂ ಒತ್ತೂ ಕೈವಶವಾದ ಮಗು ಕನ್ನಡದಲ್ಲಿ ಏನನ್ನು ಬೇಕಾದರೂ ಉಚ್ಚರಿಸಬಲ್ಲದು. ‘ದ್ವಂದ್ವ’ ಎಂದರೇನೆಂದು ತಿಳಿಯದ ಏಳು ವರ್ಷದ ಬಾಯಿಯೂ ಅದನ್ನು ಸ್ಪಷ್ಟವಾಗಿ ನುಡಿಯುತ್ತದೆ. ಅಕ್ಷರ ಮತ್ತು ದನಿಯ ನಡುವೆ ಇಷ್ಟು ಸಲೀಸಾದ ದಾರಿ ಇರುವುದರಿಂದಲೇ ಅರ್ಥದ ಮನೆಗೆ ಕಾಲಿಡದೆ ಪಕ್ಕದಲ್ಲೇ ಹಾದುಹೋಗುವುದೂ ಸಲೀಸು.

ಗಡಿಯಾಚೆ ತಮಿಳುನಾಡಿನ ಉಡುಮಲೈಪೇಟೆಗೆ ಹೋದರೆ ಈ ಮಾತು ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ಕೊಯಮತ್ತೂರು, ತಿರುಪ್ಪೂರು ಸೀಮೆಯ ದೇವಾಂಗ ನೇಕಾರರ ಎಷ್ಟೋ ಮನೆಗಳಲ್ಲಿ ಆಡುವ ಮಾತು ಇವತ್ತಿಗೂ ಕನ್ನಡ, ಓದುವ ಅಕ್ಷರ ತಮಿಳು. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ತ, ದ ಹಾಗೆಯೇ. ಪ, ಬ ಹಾಗೆಯೇ. ಯಾವ ಜಾಗದಲ್ಲಿ ಯಾವ ದನಿ ಎಂಬುದಕ್ಕೆ ಬಹುಪಾಲು ನಿಯಮವಿದೆ, ನಿಜ. ಆದರೆ ಹೊರಗಿನಿಂದ ಬಂದ ಪದಗಳಿಗೆ ಆ ನಿಯಮ ಸಾಲದು. ‘ಪಾವಂ’ ಎಂದು ಬರೆದದ್ದು ಪಾಪವೂ ಆಗಬಹುದು, ಭಾವವೂ ಆಗಬಹುದು. ಸಾಲಿನ ಹಿಂದುಮುಂದು ಹಿಡಿದವನಿಗೆ ಮಾತ್ರ ಸರಿಯಾದ ದನಿ ಹೊರಡುತ್ತದೆ. ಅಂಥ ಕಡೆ ತಮಿಳು ಪುಟ ಓದುವವನಿಂದ ಅರ್ಥದ ಸುಂಕ ವಸೂಲಿ ಮಾಡಿಯೇ ಮುಂದೆ ಬಿಡುತ್ತದೆ. ಕನ್ನಡದ ಪುಟ ಸುಂಕವಿಲ್ಲದೆ ಬಿಡುತ್ತದೆ. ಹಾಗಿರುವಾಗ ಗಟ್ಟಿ ಓದನ್ನೇ ಓದಿನ ಅಳತೆಗೋಲು ಮಾಡುವುದು ಬೇರೆಲ್ಲೂ ಅಲ್ಲದಿದ್ದರೂ ಕನ್ನಡದಲ್ಲಿ ಎಡವಟ್ಟು.

ಒಂದು ಸಾಲನ್ನೇ ಇಟ್ಟುಕೊಂಡು ನೋಡಬಹುದು: ‘ಮಳೆ ಹಿಡಿದುಕೊಂಡದ್ದರಿಂದ ಮಾರಿಹಬ್ಬ ಮುಂದಕ್ಕೆ ಹೋಯಿತು.’ ಒಂದು ಮಗು ಇದನ್ನು ಅಕ್ಷರ ಬಿಡದೆ ಓದುತ್ತದೆ. ಹಬ್ಬ ಯಾಕೆ ನಡೆಯಲಿಲ್ಲ ಎಂದು ಕೇಳಿದರೆ ಪಿಳಿಪಿಳಿ ನೋಡುತ್ತದೆ. ಇನ್ನೊಂದು ಮಗು ‘ಮಳೆ ಹಿಡ್ಕಂಡಿದ್ಕೆ ಮಾರಬ್ಬ ಮುಂದುಕ್ಕೋಯ್ತು’ ಎಂದುಬಿಡುತ್ತದೆ. ಸ್ಪರ್ಧೆಯ ಕಿವಿಗೆ ಎರಡನೆಯದು ತಪ್ಪುಗಳ ಸಾಲು. ನಿಜದಲ್ಲಿ ಓದಿದ್ದು ಅದೇ. ಪುಟದ ಮಾತನ್ನು ಅದು ಒಳಕ್ಕೆ ತೆಗೆದುಕೊಂಡು, ಮನೆಯ ಮಾತಾಗಿಸಿ ಹೊರಗೆ ಕೊಟ್ಟಿದೆ. ಇಂಥ ತಪ್ಪುಗಳಲ್ಲೇ ಓದುವವನ ಮನಸ್ಸು ಕಾಣುತ್ತದೆ ಎಂದು ಅಮೆರಿಕದ ಕೆನೆತ್ ಗುಡ್‌ಮನ್ 1960ರ ದಶಕದಲ್ಲೇ ವಾದಿಸಿದ್ದ. ಅವನ ಎಲ್ಲ ಮಾತನ್ನೂ ಒಪ್ಪಬೇಕಿಲ್ಲ. ಊಹೆಯಿಂದಲೇ ಓದು ಸಾಗುತ್ತದೆ ಎಂಬ ಅವನ ಸಿದ್ಧಾಂತ ಆಮೇಲಿನ ಸಂಶೋಧನೆಯ ಮುಂದೆ ನಿಲ್ಲಲಿಲ್ಲ. ಆದರೂ ಮಗುವಿನ ತಪ್ಪನ್ನು ಕಿವಿಗೊಟ್ಟು ಕೇಳಬೇಕೆಂಬ ಅವನ ಬುದ್ಧಿವಾದ ನಮ್ಮ ತೀರ್ಪುಗಾರರ ಮೇಜಿನವರೆಗೂ ತಲುಪಬೇಕಿತ್ತು.

ಗಟ್ಟಿ ಓದಿನ ಪರವಾದಿಗಳು ಇಲ್ಲಿ ಕಾವ್ಯವನ್ನು ರಾಗವಾಗಿ ಓದುವ ಗಮಕವನ್ನು ಮುಂದೆ ತರುತ್ತಾರೆ. ಕನ್ನಡಿಗರಿಗೆ ಓದೆಂದರೆ ಮೊದಲಿನಿಂದಲೂ ದನಿಯೆತ್ತಿ ಓದುವುದೇ, ಕುಮಾರವ್ಯಾಸ ಊರೂರಿಗೆ ತಲುಪಿದ್ದು ಹೀಗೆಯೇ ಎಂಬುದು ಅವರ ವಾದ. ಒಳ್ಳೆಯ ವಾದ, ಅರ್ಧ ಮಾತ್ರ. ಗಮಕದ ಕಟ್ಟೆಯ ಮೇಲೆ ಗಮಕಿಯ ಪಕ್ಕದಲ್ಲಿ ವ್ಯಾಖ್ಯಾನಕಾರನೂ ಕೂತಿರುತ್ತಿದ್ದ. ಪದ್ಯ ಮುಗಿದೊಡನೆ ಅವನು ಬಿಡಿಸಿ ಹೇಳುತ್ತಿದ್ದ, ಊರಿನ ಉಪಮೆ ಹಾಕುತ್ತಿದ್ದ, ನಗಿಸುತ್ತಿದ್ದ. ಕಲಿಕಾ ಹಬ್ಬ ವಾಚನವನ್ನು ಉಳಿಸಿಕೊಂಡು ವ್ಯಾಖ್ಯಾನವನ್ನು ಕೈಬಿಟ್ಟಿದೆ.

ಇನ್ನೊಂದು ಗುಂಪಿನವರು ಅಂಕಿಸಂಖ್ಯೆಯವರು. ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ವರದಿ ಬಂದಾಗಲೆಲ್ಲ ತಲೆಯ ಮೇಲೆ ಕೈಹೊತ್ತು, ಈ ಹಾಡು-ಆಟ ಸಾಕು, ಮಗ್ಗಿ-ಕಾಗುಣಿತಕ್ಕೆ ಮರಳೋಣ ಎನ್ನುವವರು. ದೇಶದ ಗ್ರಾಮೀಣ ಭಾಗದ ಮೂರನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು 2022ರಲ್ಲಿ ಶೇ 20.5 ಇದ್ದದ್ದು 2024ರಲ್ಲಿ ಶೇ 27.1ಕ್ಕೆ ಏರಿದೆ. ಏರಿಕೆ ಸಂತೋಷದ್ದೇ. ಆದರೆ ಅಸರ್‌ನ ಓದಿನ ಪರೀಕ್ಷೆಯೂ ಮಗುವಿನಿಂದ ಗಟ್ಟಿಯಾಗಿ ಓದಿಸಿಯೇ ನಡೆಯುವಂಥದು. ಹಬ್ಬವನ್ನು ಬೈಯುವವರೂ ಹಬ್ಬ ಮಾಡುವವರೂ ಒಂದೇ ಕಿವಿಯಿಂದ ಕೇಳುತ್ತಿದ್ದಾರೆ ಎಂಬುದೇ ಈ ಜಗಳದ ತಮಾಷೆ. ಅರ್ಥವನ್ನು ಮುಂದಿಟ್ಟ ಪ್ರಯತ್ನ ನಮ್ಮಲ್ಲಿ ನಡೆಯದೇ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿ ವರ್ಣಮಾಲೆಯ ಕ್ರಮವನ್ನೇ ಮುರಿದು ರ, ಗ, ಸ, ದ, ಅ ಎಂದು ಆರಂಭಿಸಿತಲ್ಲ, ಅದರ ಹಿಂದಿದ್ದ ವಿಚಾರ ಇದೇ: ನಾಲ್ಕೈದು ಅಕ್ಷರ ಬಂದೊಡನೆ ‘ಸರ’, ‘ದಸರ’ ಎಂಬ ಅರ್ಥವುಳ್ಳ ಮಾತು ಮಗುವಿನ ಕೈಗೆ ಸಿಗಬೇಕು. ಕಾಗುಣಿತವಾದಿಗಳಿಗೆ ಇದು ಇವತ್ತಿಗೂ ನುಂಗಲಾರದ ತುತ್ತು.

ಗಟ್ಟಿ ಓದಿನಿಂದ ಲಾಭವಿಲ್ಲವೆಂದಲ್ಲ. ಸಂಕೋಚದ ಮಗುವಿಗೆ ದನಿ ಬರುತ್ತದೆ. ಎಲ್ಲಿ ತಡವರಿಸುತ್ತದೆಂದು ಮೇಷ್ಟ್ರಿಗೆ ತಿಳಿಯುತ್ತದೆ. ಅಕ್ಷರ ಕೂಡಿಸುವುದರಲ್ಲೇ ಸುಸ್ತಾಗುವ ಮಗು ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲನ್ನು ಮರೆತಿರುತ್ತದೆ ಎಂಬುದೂ ದಿಟ. ಇವೆಲ್ಲ ತರಗತಿಯ ಕೆಲಸಗಳು, ಬಹುಮಾನದ ಕಾರಣಗಳಲ್ಲ.

ತಮಿಳುನಾಡಿನ ಸರ್ಕಾರ 2023ರಲ್ಲಿ ಆರಂಭಿಸಿದ ‘ವಾಸಿಪ್ಪು ಇಯಕ್ಕಂ’ (ಓದಿನ ಚಳವಳಿ) ಈ ದೃಷ್ಟಿಯಿಂದ ಜಾಣತನದ್ದು. ಸಣ್ಣ ಸಣ್ಣ ಕಥೆಪುಸ್ತಕಗಳನ್ನು ನುೞೈ, ನಡ, ಓಡು, ಪಱ ಎಂದು ನಾಲ್ಕು ಹಂತ ಮಾಡಿ ಮಕ್ಕಳ ಕೈಗೇ ಕೊಟ್ಟರು. ಒಳಹೊಕ್ಕು, ನಡೆದು, ಓಡಿ, ಕೊನೆಗೆ ಹಾರು. ಇಲ್ಲಿ ಮೈಕಿಗಿಂತ ಪುಸ್ತಕ ಮುಂದೆ. ಕರ್ನಾಟಕದಲ್ಲಿ ಇದಕ್ಕೆ ಸಾಟಿಯಾಗಬಲ್ಲದ್ದು 2020ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಆರಂಭವಾದ ‘ಓದುವ ಬೆಳಕು’. ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ತಲೆ ಬಗ್ಗಿಸಿ ಸುಮ್ಮನೆ ಓದುವ ಮಗು ಫೋಟೊಕ್ಕೆ ಚೆನ್ನಾಗಿ ಬೀಳುವುದಿಲ್ಲವೆಂದೋ ಏನೋ, ಅದರ ಹೆಸರು ಗಟ್ಟಿ ಓದಿನಷ್ಟು ಕೇಳಿಬರುವುದಿಲ್ಲ.

ಕಲಿಕಾ ಹಬ್ಬದ ಪಟ್ಟಿಯಲ್ಲೇ ಮದ್ದೂ ಇದೆ. ಗಟ್ಟಿ ಓದು, ಕಥೆ ಹೇಳುವುದು ಎಂಬ ಎರಡು ಸ್ಪರ್ಧೆಗಳನ್ನು ಒಂದು ಮಾಡಿ, ಪುಸ್ತಕ ಮುಚ್ಚಿಟ್ಟು ಈಗ ಓದಿದ್ದನ್ನು ನಿನ್ನ ಮಾತಲ್ಲಿ ಹೇಳು ಎಂದರೆ ಸಾಕು, ವ್ಯಾಖ್ಯಾನಕಾರ ಮರಳಿ ಬಂದು ಕೂರುತ್ತಾನೆ. ಉಡುಮಲೈಪೇಟೆಯ ದೇವಾಂಗರ ಮಗುವಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಶಾಲೆಯಲ್ಲಿ ತಮಿಳಲ್ಲಿ ಓದಿದ ಕಥೆಯನ್ನು ಮಗ್ಗದ ಪಕ್ಕ ಕೂತ ಅಜ್ಜಿಗೆ ಹೇಳಬೇಕೆಂದರೆ ಅದು ಕನ್ನಡದಲ್ಲೇ ಹೇಳಬೇಕು.